ವಾಲಿ ಕಾಲಿಡಲಾಗದ ಬೆಟ್ಟ

ಕಿಷ್ಕಿಂಧೆಯ ವಾಲಿಯ ಬಲದ ಬಗ್ಗೆ ಯಾರಿಗೂ ಅನುಮಾನವಿಲ್ಲ. ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ಕಡಲಿಂದ ಕಡಲಿಗೆ ಸಂಧ್ಯಾವಂದನೆಗೆ ಹೋದವನು. ಕೋಣನ ರೂಪದ ದುಂದುಭಿಯನ್ನು ಕೊಂದು ಹೆಣವನ್ನು ಯೋಜನ ದೂರಕ್ಕೆ ಬೀಸಿ ಎಸೆದವನು. ಇಂಥ ಅಣ್ಣನ ಕೈಗೆ ಸಿಗದೆ ಸುಗ್ರೀವ ಅಷ್ಟು ಕಾಲ ಬದುಕಿ ಉಳಿದದ್ದು ತೋಳ್ಬಲದಿಂದಲ್ಲ, ವಿಳಾಸದಿಂದ. ಋಷ್ಯಮೂಕವೆಂಬ ಬೆಟ್ಟದ ಮೇಲೆ ಮನೆ ಮಾಡಿದ. ಆ ಬೆಟ್ಟಕ್ಕೆ ವಾಲಿ ಬರುವಂತಿರಲಿಲ್ಲ.

ಕಾರಣ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಎಸೆದ ಹೆಣದ ರಕ್ತದ ಹನಿಗಳು ಗಾಳಿಗೆ ಹಾರಿ ಮತಂಗ ಮುನಿಯ ಆಶ್ರಮದಲ್ಲಿ ಬಿದ್ದವು, ಮುನಿ ಸಿಟ್ಟಾಗಿ ಶಪಿಸಿದ. ಆದರೆ ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಆ ಶಾಪ ಹೇಗಿದೆ ಎಂಬುದನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಆಶ್ರಮದ ಸುತ್ತ ಪೂರ್ತಿ ಒಂದು ಯೋಜನ, ಇದು ಎಲ್ಲೆ. ಹೆಣ ಎಸೆದವನು ಅದರೊಳಗೆ ಬಂದರೆ ಉಳಿಯುವುದಿಲ್ಲ, ಇದು ಪರಿಣಾಮ. ಅವನ ಕಡೆಯ ವಾನರರು ಇವತ್ತೇ ಕಾಡು ಬಿಡಬೇಕು, ನಾಳೆ ಕಣ್ಣಿಗೆ ಬಿದ್ದವರು ಸಾವಿರಾರು ವರ್ಷ ಕಲ್ಲಾಗಿ ಬಿದ್ದಿರಬೇಕು. ಇದು ಉಪನಿಯಮ, ಗಡುವಿನ ಸಮೇತ! ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ಹುಡುಗರ ಕೈಗೆ ಇದನ್ನು ಕೊಟ್ಟರೆ ಪುರಾಣ ಎನ್ನುವುದಿಲ್ಲ, ಯಾವ ರೂಲ್‌ಬುಕ್ಕಿನ ಎಷ್ಟನೇ ಪುಟ ಎಂದು ಕೇಳುತ್ತಾರೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ವಾಶಿ ಕಡೆಯ ಕನ್ನಡ ಮನೆಗಳಲ್ಲಿ ಇಂಥ ಮಕ್ಕಳು ಈಗ ಅಲ್ಲಲ್ಲಿ ಇದ್ದಾರೆ. ಶನಿವಾರ ಸಂಜೆ ಗೆಳೆಯನ ಫ್ಲ್ಯಾಟಿಗೆ ಹೋದರೆ ಊಟದ ಹೊತ್ತಿನವರೆಗೂ ಏಳುವುದಿಲ್ಲ. ಚೀಲದಲ್ಲಿ ಇಪ್ಪತ್ತು ಮುಖದ ದಾಳ, ಬರೆದು ಅಳಿಸಿ ಬರೆದು ಹರಿಯುವಂತಾದ ಕ್ಯಾರೆಕ್ಟರ್ ಶೀಟು. ಬೋರ್ಡ್ ಗೇಮ್ ಎಂದು ಹೇಳಿ ಹೋಗಿರುತ್ತಾರೆ, ಅಲ್ಲಿ ನೋಡಿದರೆ ಎಷ್ಟೋ ಸಲ ಬೋರ್ಡೇ ಇರುವುದಿಲ್ಲ. ಇದೇನು ಆಟವೆಂದು ತಂದೆತಾಯಿಗೆ ತಿಳಿಸಿ ಹೇಳಲು ನನಗೆ ತೋಚಿದ ಸುಲಭದ ದಾರಿ ತಾಳಮದ್ದಲೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಪ್ರಸಂಗ ಗೊತ್ತಿದೆ, ಆದರೆ ಎದುರಿನ ಅರ್ಥಧಾರಿ ಈ ಕ್ಷಣ ಏನು ಹೇಳುತ್ತಾನೆಂದು ಗೊತ್ತಿಲ್ಲ. ಎಲ್ಲರನ್ನೂ ಹಿಡಿದು ನಡೆಸುವವರು ಭಾಗವತರು. ಈ ಆಟದಲ್ಲಿ ಭಾಗವತರ ಜಾಗದಲ್ಲಿ ಕೂರುವವನು ಡಂಜನ್ ಮಾಸ್ಟರ್, ಹುಡುಗರ ಬಾಯಲ್ಲಿ ಡಿಎಂ. ಲೋಕ ಅವನದು, ಪಾತ್ರಗಳು ಆಟಗಾರರವು. ದೊಡ್ಡ ವ್ಯತ್ಯಾಸ ಒಂದೇ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನನ್ನು ಮಾತಿನಲ್ಲಿ ಎಷ್ಟೇ ಕಟ್ಟಿಹಾಕಿದರೂ ಕೊನೆಗೆ ವಾಲಿ ಸಾಯಲೇಬೇಕಿತ್ತು. ಇಲ್ಲಿ ದಾಳ ಒಲಿದರೆ ವಾಲಿ ಬದುಕಲೂಬಹುದು.

ಈ ಆಟ ಮೊದಲು ಅಚ್ಚಾದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್. ಮಂತ್ರದ ಲೆಕ್ಕವನ್ನು ಅವರು ತೆಗೆದುಕೊಂಡದ್ದು ಜ್ಯಾಕ್ ವ್ಯಾನ್ಸ್ ಎಂಬ ಕತೆಗಾರನಿಂದ. 1950ರಲ್ಲಿ ಬಂದ ಅವನ 'ದಿ ಡೈಯಿಂಗ್ ಅರ್ಥ್' ಪುಸ್ತಕದಲ್ಲಿ ಮಂತ್ರವಾದಿ ಕೆಲವೇ ಮಂತ್ರಗಳನ್ನು ಮನಸ್ಸಿಗೆ ತುಂಬಿಕೊಳ್ಳುತ್ತಾನೆ, ಪ್ರಯೋಗಿಸಿದ ಕ್ಷಣ ಅದು ಮರೆತುಹೋಗುತ್ತದೆ. ನಮ್ಮ ಕರ್ಣ ಮರೆತದ್ದು ಬಳಸುವ ಮುಂಚೆ, ಇವರು ಮರೆಯುವುದು ಬಳಸಿದ ಮೇಲೆ. ಅಷ್ಟರಮಟ್ಟಿಗೆ ಇವರ ಪಾಡು ವಾಸಿ.

ದಿನಕ್ಕೆ ಇಂತಿಷ್ಟೇ ಎಂದು ಕಟ್ಟುಹಾಕಿದರೂ ಮಂತ್ರವಾದಿ ಬೆಳೆಯುತ್ತ ಹೋದಂತೆ ಆಟವನ್ನೇ ನುಂಗುತ್ತಾನೆ. ಹಾರುತ್ತಾನೆ, ಮಾಯವಾಗುತ್ತಾನೆ, ಅವನ ಮುಂದೆ ಬೀಗಕ್ಕೆ ಅರ್ಥವಿಲ್ಲ. ಖಡ್ಗ ಹಿಡಿದ ಗೆಳೆಯರು ಪಕ್ಕದಲ್ಲಿ ಕೂತು ಚಿಪ್ಸ್ ತಿನ್ನಬೇಕಾಗುತ್ತದೆ. ಆಗ ಡಿಎಂ ಕೈಗೆ ಉಳಿಯುವ ಉಪಾಯ ನೆಲ. ಈ ನೆಲದಲ್ಲಿ ಮಂತ್ರ ನಡೆಯದು, ಆ ನೆಲದಲ್ಲಿ ಅರ್ಧ ನಡೆಯುತ್ತದೆ, ಇನ್ನೊಂದರಲ್ಲಿ ನಡೆಯುತ್ತದೆ ಆದರೆ ಅಡ್ಡಾದಿಡ್ಡಿ.

ಮೊದಲು ಚಿಕ್ಕ ಸೀಮೆಯನ್ನೇ ನೋಡೋಣ. 'ಆಂಟಿಮ್ಯಾಜಿಕ್ ಫೀಲ್ಡ್' ಎಂಬುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎಂಟನೇ ಮಟ್ಟದ ಮಂತ್ರ. ಹಾಕಿದವನ ಸುತ್ತ 10 ಅಡಿ ತ್ರಿಜ್ಯದ ಕಣ್ಣಿಗೆ ಕಾಣದ ಗೋಳ, ಅವನು ನಡೆದಲ್ಲಿ ಅದೂ ನಡೆಯುತ್ತದೆ. ಅದರೊಳಗೆ ಮಾಯದ ಕತ್ತಿ ಬರೀ ಕತ್ತಿ. ಮಂತ್ರದಿಂದ ಕರೆಸಿದ ಪ್ರಾಣಿ ಒಳಗೆ ಬಂದರೆ ಇಲ್ಲವಾಗುತ್ತದೆ, ಗೋಳ ಮುಂದೆ ಸರಿದರೆ ಮತ್ತೆ ಪ್ರತ್ಯಕ್ಷ. ಮಂತ್ರ ಅಳಿಯುವುದಿಲ್ಲ, ಅದುಮಿಟ್ಟಂತಿರುತ್ತದೆ. ಆದರೆ ಅದರ ಅವಧಿಯ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಹತ್ತು ನಿಮಿಷದ ಮಂತ್ರದಲ್ಲಿ ಎಂಟು ನಿಮಿಷ ಗೋಳದೊಳಗೆ ಕಳೆದವನಿಗೆ ಹೊರಗೆ ಸಿಗುವುದು ಎರಡೇ ನಿಮಿಷ. ಈ ಒಂದು ಸಾಲನ್ನು ಬರೆದವನು ಯಾರೋ, ಅವನಿಗೆ ಆಟ ಗೊತ್ತಿತ್ತು.

ಇನ್ನು ದೊಡ್ಡ ಸೀಮೆಗಳು. ಸ್ಟೀವ್ ಜ್ಯಾಕ್ಸನ್ ಗೇಮ್ಸ್ 1986ರಲ್ಲಿ ತಂದ 'ಗರ್ಪ್ಸ್' ಎಂಬ ಆಟ ಇಡೀ ಜಗತ್ತನ್ನು 'ಮಾನಾ' ಎಂಬ ಶಕ್ತಿಯ ಅಳತೆಯಲ್ಲಿ ಐದು ಬಗೆಯಾಗಿ ಹಂಚುತ್ತದೆ. ಮಾನಾ ಇಲ್ಲದ ನೆಲದಲ್ಲಿ ಯಾವ ಮಂತ್ರವೂ ಇಲ್ಲ. ಕಡಿಮೆ ಇರುವಲ್ಲಿ ಮಂತ್ರವಾದಿಯ ಕೌಶಲದಿಂದ 5 ಕಳೆಯಬೇಕು. ಸಾಮಾನ್ಯ ನೆಲದಲ್ಲಿ ಹುಟ್ಟಾ ಮಂತ್ರವಾದಿಗೆ ಮಾತ್ರ ಸಾಧ್ಯ. ಹೆಚ್ಚಿರುವಲ್ಲಿ ಮಂತ್ರ ಕಲಿತ ಯಾರಾದರೂ ಹಾಕಬಹುದು. ಅತಿ ಹೆಚ್ಚಿರುವಲ್ಲಿ ದಣಿದ ಮಂತ್ರವಾದಿಗೆ ಶಕ್ತಿ ಕೂಡಲೇ ಮರಳುತ್ತದೆ, ಆದರೆ ಮಂತ್ರ ತಪ್ಪಿದರೆ ಅದು ಬರೀ ತಪ್ಪಲ್ಲ, ಅನಾಹುತ. 5 ಕಳೆಯುವುದೆಂದರೆ ಎಷ್ಟು ಎಂದು ಕೇಳಿದರೆ: ಈ ಆಟದಲ್ಲಿ ಮೂರು ಸಾಮಾನ್ಯ ದಾಳ ಎಸೆದು ಮೊತ್ತ ಕೌಶಲಕ್ಕಿಂತ ಹೆಚ್ಚಾಗದಿದ್ದರೆ ಗೆಲುವು. ಕೌಶಲ 15 ಇದ್ದವನು ನೂರಕ್ಕೆ 95 ಸಲ ಗೆಲ್ಲುತ್ತಾನೆ, ಅದು 10ಕ್ಕೆ ಇಳಿದರೆ 50 ಸಲ. ಹೊಸ್ತಿಲು ದಾಟಿದ ಮಾತ್ರಕ್ಕೆ ಪಂಡಿತ ನಾಣ್ಯ ಚಿಮ್ಮುವವನಾಗುತ್ತಾನೆ.

ಲೆಕ್ಕ ಚೊಕ್ಕವಾಗಿದೆ. ಆದರೆ ನನಗೆ ಇದು ಸಾಲದು. ಒಂದು ಊರಲ್ಲಿ ಯಾಕೆ ಕಡಿಮೆ, ಇನ್ನೊಂದರಲ್ಲಿ ಯಾಕೆ ಹೆಚ್ಚು ಎಂದು ಸಂಖ್ಯೆ ಹೇಳುವುದಿಲ್ಲ. ಕಾರಣ ಕೊಟ್ಟವರು ಕತೆಗಾರರು. ಲ್ಯಾರಿ ನಿವೆನ್ 1969ರ ಒಂದು ಸಣ್ಣಕತೆಯಲ್ಲಿ ಮಾನಾ ಎಂಬುದು ನೆಲದಲ್ಲಿರುವ, ಬಳಸಿದಷ್ಟೂ ತೀರಿಹೋಗುವ ಸಂಪತ್ತು ಎಂದು ಊಹಿಸಿದ. ಹಳೆಯ ಮಂತ್ರವಾದಿಗಳು ಊರೂರು ಅಲೆಯುವುದು ವೈರಾಗ್ಯದಿಂದಲ್ಲ, ಇದ್ದ ಜಾಗದ ಮಾನಾ ಬರಿದಾಗಿದೆ ಅದಕ್ಕೆ. 1991ರ 'ಡಾರ್ಕ್ ಸನ್' ಎಂಬ ಲೋಕದಲ್ಲಿ ಇದು ಇನ್ನೂ ಕಟುವಾಯಿತು. ಅಲ್ಲಿ ಮಂತ್ರಕ್ಕೆ ಬೇಕಾದ ಶಕ್ತಿ ಬರುವುದು ಗಿಡಮರಗಳಿಂದ. ಎಚ್ಚರವಿಲ್ಲದವನು ಮಂತ್ರ ಹಾಕಿದರೆ ಸುತ್ತಲ ಹಸಿರು ಬೂದಿಯಾಗುತ್ತದೆ, ಬೂದಿಯಾಗುವ ವ್ಯಾಪ್ತಿ ಮರಳುಗಾಡಿನಲ್ಲಿ ಒಂದು, ಕಾಡಿನಲ್ಲಿ ಇನ್ನೊಂದು. ಮರುಭೂಮಿಯಾದ ಆ ಲೋಕ ಹಿಂದೆ ಹಾಗಿರಲಿಲ್ಲ ಎಂಬುದು ಆಟಗಾರರಿಗೆ ಮೆಲ್ಲಗೆ ಹೊಳೆಯುತ್ತದೆ.

'ಆರ್ಸ್ ಮ್ಯಾಜಿಕಾ' 1987ರದು, ಹದಿಮೂರನೇ ಶತಮಾನದ ಯುರೋಪಿನಲ್ಲಿ ನಡೆಯುವ ಆಟ. ಚರ್ಚು ಇರುವ ಪಟ್ಟಣಗಳಲ್ಲಿ ದೈವದ ಪ್ರಭಾವ ಮಂತ್ರವನ್ನು ಕುಗ್ಗಿಸುತ್ತದೆ, ಹಾಗಾಗಿ ಮಂತ್ರವಾದಿಗಳು ಪಟ್ಟಣ ಬಿಟ್ಟು ಗುಡ್ಡಗಾಡಿನಲ್ಲಿ ಮಠ ಕಟ್ಟುತ್ತಾರೆ. ಒಂದೇ ಒಂದು ನಿಯಮ, ಅದರಿಂದ ಇಡೀ ಸಮಾಜದ ವಾಸದ ನಕ್ಷೆ ಹುಟ್ಟಿತು. 1990ರ 'ಟಾರ್ಗ್'ನಲ್ಲಿ ನಮ್ಮ ಭೂಮಿಯ ಮೇಲೆ ಬೇರೆ ಬೇರೆ ಲೋಕಗಳು ಬಂದು ಬೀಳುತ್ತವೆ. ಬ್ರಿಟನ್ನಿನಲ್ಲಿ ಮಂತ್ರ ನಡೆಯುತ್ತದೆ, ಅಮೆರಿಕದ ಒಂದು ಭಾಗದಲ್ಲಿ ಡೈನೋಸಾರ್‌ಗಳಿರುವ ಕಾಡು ಬೆಳೆದು ಬಂದೂಕು ಕೈಕೊಡುತ್ತದೆ. ಸೀಮೆಯ ಮೂಲೆಗಳಲ್ಲಿ ನೆಟ್ಟ ಕಂಬಗಳಿರುತ್ತವೆ, ಮೂರು ಕಂಬ ಸೇರಿ ಒಂದು ತ್ರಿಕೋನ. ಕಂಬ ಕಿತ್ತರೆ ಸೀಮೆ ಹೋಯಿತು. ಗಡಿಯನ್ನೇ ಕೀಳಲು ಸಾಧ್ಯವೆಂದ ಮೇಲೆ ಗಡಿಯೇ ಆಟದ ಗುರಿಯಾಗುತ್ತದೆ.

ಸೀಮೆಯ ನಿಯಮದ ಜೀವ ಅದರ ಅಂಚಿನಲ್ಲಿದೆ, ಅದು ಬಿಟ್ಟ ಸಂದಿಯಲ್ಲಿದೆ ಎಂದು ನಾನು ಹೇಳುವುದು ಇದಕ್ಕೇ. ಈ ವಿಷಯದಲ್ಲಿ ಋಷ್ಯಮೂಕವನ್ನು ಮೀರಿಸಿದ್ದು ಯಾವ ರೂಲ್‌ಬುಕ್ಕಿನಲ್ಲೂ ನಾನು ಕಂಡಿಲ್ಲ.

ಹಂಪಿಗೆ ಹೋದವರು ಈ ಭೂಗೋಳವನ್ನು ಕಾಲಲ್ಲೇ ಅಳೆಯಬಹುದು. ತುಂಗಭದ್ರೆಯ ದಕ್ಷಿಣಕ್ಕೆ ಮತಂಗ ಪರ್ವತ, ಹಂಪಿಯ ಅತಿ ಎತ್ತರದ ಜಾಗ. ಹೊಳೆಯಾಚೆ ಆನೆಗೊಂದಿ, ಜನ ಕಿಷ್ಕಿಂಧೆ ಎನ್ನುವುದು ಆ ದಡವನ್ನು. ಕೋದಂಡರಾಮ ದೇವಸ್ಥಾನದ ಹತ್ತಿರ ಋಷ್ಯಮೂಕವೆಂದು ಬಂಡೆಗುಡ್ಡವನ್ನು ತೋರಿಸುತ್ತಾರೆ. ಬಂಡೆಯ ಮೇಲೆ ಕೂತವನಿಗೆ ಅಣ್ಣನ ರಾಜ್ಯ ಕಣ್ಣಳತೆಯಲ್ಲೇ ಇದೆ. ಓಡಿಹೋದವನು ದೂರ ಹೋಗಲಿಲ್ಲ, ಶತ್ರುವಿನ ಎದುರಿಗೇ ಕೂತ.

ಈಗ ಶಾಪದ ಸಂದಿಯನ್ನು ನೋಡಿ. ಅದು ತಡೆದದ್ದು ವಾಲಿಯನ್ನು ಮತ್ತು ಅವನ ವಾನರರನ್ನು. ಮನುಷ್ಯರ ಮಾತೇ ಅದರಲ್ಲಿಲ್ಲ. ಪಂಪಾ ಸರೋವರದ ಕಡೆಯಿಂದ ಬಿಲ್ಲು ಹಿಡಿದ ಇಬ್ಬರು ನಾರುಮಡಿಯವರು ಬರುವುದನ್ನು ಕಂಡು ಸುಗ್ರೀವ ನಡುಗಿದ್ದು ಅದಕ್ಕೇ. ಇಲ್ಲಿ ವಾಲಿಯ ಭಯವಿಲ್ಲವಲ್ಲ ಎಂದು ಹನುಮಂತ ಸಮಾಧಾನ ಹೇಳುತ್ತಾನೆ. ಸುಗ್ರೀವನ ಉತ್ತರ ನುರಿತ ಆಟಗಾರನದು: ರಾಜರಿಗೆ ಗೆಳೆಯರು ಬಹಳ, ವಾಲಿ ತಾನು ಬಾರದೆ ಬೇರೆಯವರನ್ನು ಕಳಿಸಿರಬಹುದು. ಹೋಗಿ ನೋಡಿ ಬಾ ಎಂದು ಹನುಮಂತನನ್ನು ಕಳಿಸುತ್ತಾನೆ, ಹನುಮಂತ ಭಿಕ್ಷುವಿನ ವೇಷ ಹಾಕುತ್ತಾನೆ. ರಾಮನಿಗೂ ಹನುಮಂತನಿಗೂ ಮೊದಲ ಭೇಟಿ ಆದದ್ದು ಹೀಗೆ. ಮತಂಗ ಮುನಿ ಇನ್ನೊಂದು ಸಾಲು ಸೇರಿಸಿ ಎಲ್ಲ ಆಗಂತುಕರನ್ನೂ ತಡೆದಿದ್ದರೆ ಸುಂದರಕಾಂಡ ಇರುತ್ತಿರಲಿಲ್ಲ. ಮುಂದೆ ವಾಲಿಯನ್ನು ಸೋಲಿಸಬೇಕಾದರೆ ಸುಗ್ರೀವ ಆ ಸುರಕ್ಷಿತ ಸೀಮೆಯಿಂದ ಹೊರಗೆ ಬರಲೇಬೇಕು, ಬಂದು ಮೊದಲ ಸಲ ಪೆಟ್ಟು ತಿಂದು ಮತ್ತೆ ಒಳಗೆ ಓಡಲೇಬೇಕು. ಎದುರು ನಿಂತವನ ಅರ್ಧ ಬಲ ವಾಲಿಗೆ ಹೋಗುತ್ತದೆಂಬ ಜನಪ್ರಿಯ ವರದ ಕತೆ ಇನ್ನೊಂದು ಬಗೆಯ ನಿಯಮ. ಅದು ನೆಲಕ್ಕೆ ಅಂಟಿದ್ದಲ್ಲ, ದೃಷ್ಟಿಗೆ ಅಂಟಿದ್ದು. ರಾಮನಿಗೆ ಮರದ ಮರೆ ಬೇಕಾದದ್ದು ಅದಕ್ಕೆ.

ಸುದ್ಯುಮ್ನನ ಕತೆಯಲ್ಲಿ ನಿಯಮದ ಸ್ವಭಾವವೇ ಬೇರೆ. ಭಾಗವತ ಪುರಾಣದ ಒಂಬತ್ತನೇ ಸ್ಕಂಧದಲ್ಲಿ ಬೇಟೆಗೆ ಹೋದ ಈ ರಾಜ ಶಿವ-ಪಾರ್ವತಿಯರ ವಿಹಾರದ ಕಾಡಿಗೆ ತಿಳಿಯದೆ ನುಗ್ಗುತ್ತಾನೆ, ನೋಡುವಷ್ಟರಲ್ಲಿ ತಾನು ಹೆಣ್ಣು, ಏರಿದ ಗಂಡು ಕುದುರೆಯೂ ಹೆಣ್ಣು. ಕಾಡಿನಿಂದ ಹೊರಬಂದರೂ ಅದು ಹೋಗುವುದಿಲ್ಲ. ಕೊನೆಗೆ ಶಿವ ಒಪ್ಪಿದ್ದು ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು ಎಂಬ ರಾಜಿಗೆ. ಆಂಟಿಮ್ಯಾಜಿಕ್ ಗೋಳದಿಂದ ಹೊರಬಂದರೆ ಎಲ್ಲ ಮೊದಲಿನಂತೆ, ಈ ಕಾಡಿನಿಂದ ಹೊರಬಂದರೆ ಏನೂ ಮೊದಲಿನಂತಲ್ಲ. ಶೃಂಗೇರಿಯ ತುಂಗಾತೀರದಲ್ಲಿ ಬಸುರಿ ಕಪ್ಪೆಗೆ ನಾಗರ ಹೆಡೆಯೆತ್ತಿ ನೆರಳು ಹಿಡಿಯಿತೆಂಬ ಐತಿಹ್ಯ, ವಿಜಯನಗರ ಹುಟ್ಟಿದ ಜಾಗದಲ್ಲಿ ಬೇಟೆನಾಯಿಗಳ ಮೇಲೇ ಮೊಲ ತಿರುಗಿಬಿತ್ತೆಂಬ ಐತಿಹ್ಯ, ಎರಡರಲ್ಲೂ ನೆಲ ಕೈಹಿಡಿಯುವುದು ಬಲಹೀನರನ್ನು. ನಮ್ಮವರಿಗೆ ಈ ಸ್ಥಳಮಹಿಮೆಯ ಯೋಚನೆ ಎಷ್ಟು ಸಹಜವೆಂದರೆ, ಹುಡುಗರು ಇದನ್ನು ಅಮೆರಿಕದ ಪುಸ್ತಕ ಓದಿ ಕಲಿಯುವುದು ಕಂಡು ನಗು ಬರುತ್ತದೆ.

ನಾನು ಡಿಎಂ ಆಗಿ ಕೂತಾಗ ಆಟದ ನಕ್ಷೆ ನಾವಿರುವ ಥಾಣೆ, ಕಲ್ಯಾಣ್ ಕಡೆಯ ಊರುಗಳದ್ದೇ. ಡ್ರ್ಯಾಗನ್ ಕೋಟೆಗಳಿಗಿಂತ ಆಟಗಾರರಿಗೆ ಸೆಂಟ್ರಲ್ ಲೈನು ಚೆನ್ನಾಗಿ ಗೊತ್ತು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ 34 ಕಿಲೋಮೀಟರ್ ಹಳಿ ಮೊದಲ ಸಲ ಪ್ರಯಾಣಿಕರ ರೈಲು ಕಂಡಿತು, ಮರುವರ್ಷ ಅದು ಕಲ್ಯಾಣ್ ತಲುಪಿತು. ಹಳಿಯೆಂದರೆ ಕಬ್ಬಿಣ. ಬಾಣಂತಿಯ ಮಂಚದ ಬಳಿ ಕತ್ತಿಯೋ ಮೊಳೆಯೋ ಇಡುವ ಮನೆಗಳಿಂದ ಬಂದ ನಮಗೆ ಕಬ್ಬಿಣದ ಮುಂದೆ ಮಾಯೆ ನಿಲ್ಲದು ಎಂದು ಯಾರೂ ಹೇಳಿಕೊಡಬೇಕಿಲ್ಲ, ಯುರೋಪಿನ ಜನಪದದಲ್ಲೂ ಈ ನಂಬಿಕೆ ಇದೆ. ಹಾಗಾಗಿ ನಮ್ಮ ಆಟದಲ್ಲಿ ಹಳಿಯ ಉದ್ದಕ್ಕೂ ಮಂತ್ರ ಸತ್ತ ನೆಲ. ಇದರ ತಮಾಷೆ ಏನೆಂದರೆ ಊರಿಂದ ಊರಿಗೆ ಬೇಗ ಹೋಗುವ ದಾರಿಯೂ ಅದೇ. ಮಂತ್ರವಾದಿ ಲೋಕಲ್ ಹಿಡಿದರೆ ಡೊಂಬಿವಲಿಯಿಂದ ಥಾಣೆಯವರೆಗೂ ಅವನು ಬರೀ ಪ್ರಯಾಣಿಕ, ಬಾಗಿಲ ಬಳಿ ತಳ್ಳಾಟದಲ್ಲಿ ಸಿಕ್ಕಿಕೊಂಡವನು. ಶತ್ರುಗಳು ಕಾಯುವುದೂ ಅಲ್ಲೇ. ಬಹುಕಾಲ ಫಾಸ್ಟ್ ಗಾಡಿಗಳು 1916ರಲ್ಲಿ ತೆರೆದ ಪಾರ್ಸಿಕ್ ಸುರಂಗದೊಳಗೆ, ಸ್ಲೋ ಗಾಡಿಗಳು ಮುಂಬ್ರಾ ಸುತ್ತಿ ಹೋಗುತ್ತಿದ್ದವು. ಆಟದ ಕಾಲವನ್ನು ನಾನು ಆ ದಿನಗಳಿಗೇ ಇಟ್ಟಿದ್ದೇನೆ. ಸುಮಾರು 1.3 ಕಿಲೋಮೀಟರ್ ಕತ್ತಲೆಯೋ, ಖಾಡಿಯ ಗಾಳಿಯ ದೀರ್ಘ ದಾರಿಯೋ ಎಂದು ಕೇಳಿದರೆ ಟೇಬಲ್ ಸುತ್ತ ಒಳ್ಳೆಯ ಜಗಳವಾಗುತ್ತದೆ.

ನವಿ ಮುಂಬಯಿಗೆ ಬೇರೆ ನಿಯಮ. 1970ರಲ್ಲಿ ಹುಟ್ಟಿದ ನಗರ ಯೋಜನೆಯ ಸಂಸ್ಥೆ ಸಿಡ್ಕೊ 344 ಚದರ ಕಿಲೋಮೀಟರ್ ನೆಲದಲ್ಲಿ ಯೋಜಿಸಿದ ಊರು ಇದು. ಸೆಕ್ಟರುಗಳಿಗೆ ಹೆಸರಿಲ್ಲ, ಸಂಖ್ಯೆ. ಆದರೆ ಆ ನೆಲ ಖಾಲಿಯಾಗಿರಲಿಲ್ಲ, ಆಗ್ರಿ ಮತ್ತು ಕೋಳಿ ಜನರ 95 ಹಳ್ಳಿಗಳಿದ್ದವು, ಅವುಗಳ ಗಾವಠಾಣಗಳು, ಅಂದರೆ ಹಳೆಯ ಊರಭಾಗಗಳು, ಇವತ್ತಿಗೂ ಸೆಕ್ಟರುಗಳ ನಡುವೆ ಉಳಿದಿವೆ. ಅಗಲ ರಸ್ತೆ ದಾಟಿದರೆ ಗಲ್ಲಿ, ಗಲ್ಲಿಯ ತುದಿಗೆ ಗಾವ್‌ದೇವಿ. ಕಟ್ಟಡದ ಕಾನೂನು ಕೂಡ ಅಲ್ಲಿ ಬೇರೆ ಇಲ್ಲಿ ಬೇರೆ. ಆಟದಲ್ಲಿ ಸೆಕ್ಟರು ಮಾನಾ ಕಡಿಮೆ ಇರುವ ನೆಲ, ಗಾವಠಾಣ ಹೆಚ್ಚಿರುವ ನೆಲ. ಘಣಸೋಲಿಯಲ್ಲಿ ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳಬೇಕಾದವನು ಎಷ್ಟು ಹೆಜ್ಜೆಯಲ್ಲಿ ರಸ್ತೆ ದಾಟಬಹುದು ಎಂಬುದೇ ಅವನ ಆಯುಷ್ಯದ ಲೆಕ್ಕ. ಸುಗ್ರೀವನ ಓಟವೂ ಇದೇ.

ಡೊಂಬಿವಲಿಗೆ ನಾನು ಏನನ್ನೂ ಕಲ್ಪಿಸಬೇಕಾಗಲಿಲ್ಲ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿದ್ದದ್ದು, 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಪತ್ರಿಕೆಯ ಸುದ್ದಿ. ರಾಸಾಯನಿಕ ಕಾರ್ಖಾನೆಗಳ ಆ ನೆಲ ನಮ್ಮ ನಕ್ಷೆಯಲ್ಲಿ ಪುಂಡು ಮಾಯೆಯ ಸೀಮೆ. ದೀಪ ಹಚ್ಚಲು ಹೋದವನ ಮಂತ್ರ ಮಳೆ ತರಿಸಬಹುದು, ಯಾವ ಬಣ್ಣದ್ದೆಂದು ದಾಳ ಹೇಳುತ್ತದೆ. ಡಾರ್ಕ್ ಸನ್ ಓದಿದ ಹುಡುಗಿಯೊಬ್ಬಳು ಇದರ ಕಾರಣವನ್ನು ತಾನೇ ಕಟ್ಟಿದಳು: ಯಾರೋ ಬಹಳ ವರ್ಷದಿಂದ ನೆಲವನ್ನು ಹೀರುತ್ತಿದ್ದಾರೆ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಕಲ್ಯಾಣ್ ದಾಟಿ ಅಂಬರನಾಥಕ್ಕೆ ಹೋದರೆ 1060ರ ಶಿವಾಲಯವಿದೆ, ಥಾಣೆಯನ್ನು ರಾಜಧಾನಿ ಮಾಡಿಕೊಂಡಿದ್ದ ಉತ್ತರ ಕೊಂಕಣದ ಶಿಲಾಹಾರರ ಕಾಲದ್ದು. ಅವರ ವಂಶ ಮೊದಲಿಗೆ ನಮ್ಮ ಮಳಖೇಡದ ರಾಷ್ಟ್ರಕೂಟರಿಗೆ ಸಾಮಂತವಾಗಿತ್ತು. ನಮ್ಮ ಆಟದಲ್ಲಿ ಆ ಶಿವಾಲಯದ ನೆಲದಲ್ಲಿ ಮಾನಾ ಅತಿ ಹೆಚ್ಚು. ಕತ್ತಿ ಬಿಟ್ಟು ಬೇರೇನೂ ಗೊತ್ತಿಲ್ಲದವನೂ ಕದ್ದು ಕಲಿತ ಒಂದು ಮಂತ್ರ ಹೇಳಬಹುದು, ತಪ್ಪಿದರೆ ಮಾತ್ರ ಎಲ್ಲರೂ ಒಟ್ಟಿಗೆ ಅನುಭವಿಸಬೇಕು. ಥಾಣೆ ಖಾಡಿಯ ಗಡಿ ಸಮಯಕ್ಕೆ ಕಟ್ಟಿದ್ದು, ಉಬ್ಬರಕ್ಕೆ ಮುಂದೆ ಬರುತ್ತದೆ, ಇಳಿತಕ್ಕೆ ಹಿಂದೆ ಸರಿಯುತ್ತದೆ. ಆಟಗಾರರು ಉಬ್ಬರದ ವೇಳೆಯ ಪಟ್ಟಿ ಹುಡುಕಿಕೊಂಡು ಬರತೊಡಗಿದ್ದು ನನಗೆ ಸಂತೋಷದ ಸಂಗತಿ.

ಇಂಥ ನಿಯಮಗಳನ್ನು ಆಟಗಾರರಿಗೆ ಮೊದಲೇ ಹೇಳಬೇಕೇ ಎಂಬುದು ಡಿಎಂಗಳ ನಡುವಿನ ಹಳೆಯ ತಗಾದೆ. ವಾಲಿಗೆ ಶಾಪ ಗೊತ್ತಿತ್ತು, ಸುದ್ಯುಮ್ನನಿಗೆ ಕಾಡಿನ ವಿಷಯ ಗೊತ್ತಿರಲಿಲ್ಲ. ಕೇಳಲು ಎರಡನೆಯದು ಅದ್ಭುತ, ಆಡಲು ಕಷ್ಟ. ಗೊತ್ತಿಲ್ಲದ ನಿಯಮಕ್ಕೆ ಸಿಕ್ಕಿ ಬಿದ್ದವನು ಡಿಎಂ ಮೇಲೆ ಮುನಿಸಿಕೊಳ್ಳುತ್ತಾನೆ, ಗೊತ್ತಿರುವ ನಿಯಮದಲ್ಲಿ ಸಂದಿ ಹುಡುಕುವವನು ಆಟ ಆಡುತ್ತಾನೆ. ನಾನು ಹೇಳಿಬಿಡುವ ಪಕ್ಷ. ಕಾರಣ ಹೇಳುವುದಿಲ್ಲ, ನಿಯಮ ಹೇಳುತ್ತೇನೆ.

ಹೇಳಿದ್ದರ ಫಲ ಡೊಂಬಿವಲಿ ಸ್ಟೇಷನ್ನಿನ ಪಾದಚಾರಿ ಸೇತುವೆಯ ಮೇಲೆ ಸಿಕ್ಕಿತು. ಹಳಿಯ ಮೇಲೆ ಮಂತ್ರವಿಲ್ಲ, ಸರಿ, ಆದರೆ ಎಷ್ಟು ಎತ್ತರದವರೆಗೆ ಎಂದು ಮಂತ್ರವಾದಿಯ ಪಾತ್ರದ ಹುಡುಗ ಕೇಳಿದ. ಆಂಟಿಮ್ಯಾಜಿಕ್ ಗೋಳವಾದ್ದರಿಂದ ಅಲ್ಲಿ ಮೇಲಕ್ಕೂ 10 ಅಡಿಯೇ. ಮತಂಗ ಮುನಿ ಸುತ್ತಳತೆ ಹೇಳಿದನೇ ಹೊರತು ಎತ್ತರ ಹೇಳಲಿಲ್ಲ. ಸೇತುವೆಯ ನಡುವೆ ನಿಂತವನು ಸೀಮೆಯ ಒಳಗೋ ಹೊರಗೋ? ನಾನು ಪುಸ್ತಕ ತಿರುವುತ್ತಿದ್ದೆ. ಅಷ್ಟರಲ್ಲಿ ಕಲ್ಯಾಣ್‌ನಿಂದ ಬರುವ ಹುಡುಗಿ, ಈ ಜಗಳಕ್ಕೆ ಸಂಬಂಧವೇ ಇಲ್ಲದ ಕಳ್ಳಿಯ ಪಾತ್ರದವಳು, ಎತ್ತರ ಎಷ್ಟಾದರೂ ಇರಲಿ, ನೀನು ನಿಂತಿರುವ ಸೇತುವೆಯೇ ಕಬ್ಬಿಣದ್ದಲ್ಲವೇನೋ ಎಂದಳು. ಅವನು ಸ್ವಲ್ಪ ಹೊತ್ತು ಯೋಚಿಸಿ ಪಕ್ಕದ ಮರದ ಕೊಂಬೆಗೆ ಹಾರುತ್ತೇನೆಂದು ಹೇಳಿ ದಾಳ ಎತ್ತಿಕೊಂಡ. ಬಿದ್ದದ್ದು 3.